ಅತ್ತೆ ನೀರಿಗಿಳಿದ ಮಧ್ಯಾಹ್ನ

ಕಳೆದ ತಿಂಗಳು ಮೆಲ್ಬರ್ನ್‌ನ ಆಲ್ಟೋನಾ ಬೀಚಿನ ಪಕ್ಕ ಕಾರು ನಿಲ್ಲಿಸಿ ಬಾಗಿಲು ತೆಗೆದೆ. ಎರಡು ದಿನ ಬಿಡದೆ ಬೀಸಿದ ಗಾಳಿಗೆ ಸಮುದ್ರದ ಪಾಚಿಯೆಲ್ಲ ದಡಕ್ಕೆ ಬಂದು ರಾಶಿ ಬಿದ್ದಿತ್ತು. ಅದು ಬಿಸಿಲಿಗೆ ಕೊಳೆಯುತ್ತಿದ್ದ ವಾಸನೆ ಮೂಗಿಗೆ ಬಡಿದದ್ದೇ ಇಳಿಯದೆ ಹಾಗೇ ಕೂತುಬಿಟ್ಟೆ. ಪಾಯಿಂಟ್ ಕುಕ್‌ನ ನಮ್ಮ ಮನೆಯಿಂದ ಸಮುದ್ರಕ್ಕೆ ಹೆಚ್ಚು ದೂರವಿಲ್ಲ. ಆದರೂ ನಾನು ಬೀಚಿಗೆ ಹೋಗುವುದು ಅಪರೂಪ. ನನಗೆ ಮರಳು ಆಗಿಬರುವುದಿಲ್ಲ ಎಂದು ಗೆಳತಿಯರು ತಿಳಿದುಕೊಂಡಿದ್ದಾರೆ. ಮರಳಿನದೇನೂ ತಪ್ಪಿಲ್ಲ. ಎರಡು ಸಾವಿರದ ಏಳರ ಜನವರಿಯಲ್ಲಿ ಇಂಥದೇ ವಾಸನೆಯ ದಡದಲ್ಲಿ ನಿಂತು ನಾನು ಒಂದು ಮಾತು ಆಡದೆ ಉಳಿದೆ. ಅದನ್ನು ಆಡಬೇಕಾದ ಹೊತ್ತು ಹತ್ತು ಸೆಕೆಂಡು ಇದ್ದಿರಬಹುದು. ಅದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಆಗ ನಾವು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿದ್ದೆವು. ಸ್ಟೇಷನ್ ಹತ್ತಿರ ಎರಡು ರೂಮಿನ ಯೂನಿಟ್. ನಾನು ವಿದ್ಯಾರ್ಥಿಯಾಗಿ ಈ ದೇಶಕ್ಕೆ ಬಂದವಳು. ಪೆಟ್ರೋಲ್ ಬಂಕಿನಲ್ಲಿ ನಿಂತು, ವೃದ್ಧಾಶ್ರಮದ ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ಇಲ್ಲೇ ಕಾಯಂ ಇರಲು ಪಿಆರ್ ಬಂದ ಮೇಲೆ ಚಾಟ್ಸ್‌ವುಡ್‌ನ ಒಂದು ಆಫೀಸಿನಲ್ಲಿ ನನಗೆ ಸರಿಯಾದ ಕೆಲಸ ಸಿಕ್ಕಿತ್ತು. ಬೆಳಗ್ಗೆ ಆಫೀಸಿಗೆ ಹೋಗುವ ರೈಲು ಹಾರ್ಬರ್ ಬ್ರಿಡ್ಜ್ ದಾಟುವಾಗ ಕಿಟಕಿಯಲ್ಲಿ ನನ್ನ ಮುಖ ಕಾಣುತ್ತಿತ್ತು. ಆ ಮುಖ ನನಗೆ ಇಷ್ಟವಾಗುತ್ತಿತ್ತು. ಅಷ್ಟರಲ್ಲಿ ನನ್ನ ಗಂಡ ಪ್ರಕಾಶನಿಗೆ ಮೆಲ್ಬರ್ನ್‌ನಲ್ಲಿ ಕೆಲಸವಾಯಿತು. ಸಿಡ್ನಿಯಲ್ಲಿದ್ದರೆ ಜನ್ಮಪೂರ್ತಿ ರೆಂಟ್ ಕಟ್ಟುತ್ತಲೇ ಇರಬೇಕು, ಪಾಯಿಂಟ್ ಕುಕ್ ಅನ್ನುವ ಹೊಸ ಸಬರ್ಬ್‌ನಲ್ಲಿ ನಮ್ಮ ಕೈಗೆಟುಕುವ ಮನೆಗಳಿವೆ ಎಂದು ಅವನು ಹೇಳಿದ. ಹೇಳಿದ್ದು ನಿಜವೇ. ಎರಡು ತಿಂಗಳು ಜಗಳವಾಡಿ ಕಡೆಗೆ ನಾನು ಒಪ್ಪಿದೆ. ರಿಸೈನ್ ಮಾಡಿದೆ ಎಂದು ಅವನಿಗೆ ಹೇಳಿದೆ. ಮಾಡಿರಲಿಲ್ಲ. ನಾಲ್ಕು ವಾರ ರಜ ಹಾಕಿ, ನನ್ನ ಮೇಲಧಿಕಾರಿ ಹೆಲೆನ್‌ಗೆ ಯೋಚಿಸಿ ಹೇಳುತ್ತೇನೆ ಅಂದಿದ್ದೆ ಅಷ್ಟೆ.

ಅತ್ತೆ ಗಿರಿಜಮ್ಮ ಆಗಷ್ಟೇ ಊರಿಂದ ಬಂದಿದ್ದರು. ಕಡೂರು ಕಡೆಯ ಹಳ್ಳಿಗಳಲ್ಲಿ ಇಪ್ಪತ್ತೆಂಟು ವರ್ಷ ಸರ್ಕಾರಿ ನರ್ಸಾಗಿದ್ದವರು. ಲಾಂದ್ರದ ಬೆಳಕಲ್ಲಿ ಹೆರಿಗೆ ಮಾಡಿಸಿದವರು, ಉಸಿರಾಡದೆ ಹುಟ್ಟಿದ ಕೂಸುಗಳ ಕಾಲು ಹಿಡಿದು ತಟ್ಟಿ ಅಳಿಸಿದವರು. ಕಡೂರು ಬಸ್‌ಸ್ಟಾಂಡಿನಲ್ಲಿ ಅವರ ಜೊತೆ ನಿಂತರೆ ಮೀಸೆ ಬಂದ ಗಂಡಸರು ಬಂದು, 'ಸಿಸ್ಟರ್, ನಾನು ನಿಮ್ಮ ಕೈಯಲ್ಲೇ ಹುಟ್ಟಿದ್ದಂತೆ' ಎಂದು ನಗುತ್ತಿದ್ದರು. ಮಾವ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದರು. ನಾಲ್ಕು ವರ್ಷದ ನಮ್ಮ ಮೇಘಾಳನ್ನು ಹೊಸ ಊರಿನಲ್ಲಿ ನಾವು ನೆಲೆಯೂರುವವರೆಗೆ ನೋಡಿಕೊಳ್ಳಲು ಆರು ತಿಂಗಳ ವೀಸಾದಲ್ಲಿ ಬಂದರು. ಮೇಘಾಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿ ಕನ್ನಡದಲ್ಲಿ ಕೇಳುವುದು, ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುವುದು, ಇಬ್ಬರಿಗೂ ಏನೂ ಕೊರತೆ ಕಾಣಲಿಲ್ಲ.

ಕಾರಿನ ಹಿಂದೆ ಕಟ್ಟಿಕೊಂಡು ಹೊರಟ ಗಾಡಿಮನೆ, ಆ ಕ್ಯಾರವಾನ್, ನಮ್ಮದಲ್ಲ. ಪ್ರಕಾಶನ ಜೊತೆ ಕೆಲಸ ಮಾಡುತ್ತಿದ್ದ ಬ್ರಯಾನ್ ಅನ್ನುವವರು ತಮ್ಮ ಹಳೆಯ ಕ್ಯಾರವಾನನ್ನು ಮೆಲ್ಬರ್ನ್‌ನ ತಂಗಿಗೆ ಕೊಟ್ಟಿದ್ದರು. ಅದನ್ನು ಅಲ್ಲಿಗೆ ಮುಟ್ಟಿಸಬೇಕಿತ್ತು. ಪ್ರಕಾಶ, ಹೇಗೂ ಹೋಗುತ್ತೇವಲ್ಲ, ನಮ್ಮ ಕಾರಿಗೇ ಕಟ್ಟಿಕೊಂಡು ಹೋಗುತ್ತೇವೆ ಅಂದ. ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ಒಳನಾಡಿನ ಹೈವೇಯಲ್ಲಿ ಒಂದೇ ದಿನದ ದಾರಿ, ನಾವು ಸಮುದ್ರದ ಪಕ್ಕದ ರಸ್ತೆ ಹಿಡಿದು ಐದಾರು ದಿನ ಮಾಡುವುದೆಂದಾಯಿತು.

ಅತ್ತೆಗೆ ಆ ಗಾಡಿಮನೆ ಬಹಳ ಹಿಡಿಸಿತು. ಮಡಚಿದರೆ ಮೇಜು, ಬಿಚ್ಚಿದರೆ ಮಂಚ. ಅಂಗೈಯಗಲದ ಗ್ಯಾಸ್ ಒಲೆ. ಅದರ ಮೇಲೆ ಉಪ್ಪಿಟ್ಟು ಕೆದಕುತ್ತ, 'ಬೊಂಬೆ ಮನೇಲಿ ಸಂಸಾರ ಮಾಡ್ದಂಗೆ ಆಯ್ತು' ಎನ್ನುತ್ತಿದ್ದರು. ಕ್ಯಾರವಾನ್ ಪಾರ್ಕಿನ ಸಾಮೂಹಿಕ ಬಚ್ಚಲಲ್ಲಿ ಸೀರೆ ಒದ್ದೆಯಾಗದಂತೆ ಉಡುವ ಉಪಾಯವನ್ನು ಎರಡನೆಯ ದಿನಕ್ಕೇ ಕಂಡುಕೊಂಡರು. ಒಗೆದ ಸೀರೆಯನ್ನು ಮರದಿಂದ ಮರಕ್ಕೆ ಕಟ್ಟಿ ಒಣಗಿಸಿದರೆ ಪಕ್ಕದ ಟೆಂಟುಗಳ ಮಕ್ಕಳು ಅದರ ಕೆಳಗೆ ನುಸುಳಿ ಆಡುತ್ತಿದ್ದರು. ಅವರನ್ನೆಲ್ಲ ಕರೆದು ಕೈಗೊಂದೊಂದು ಕೋಡುಬಳೆ ಕೊಡುತ್ತಿದ್ದರು. ಮಗ ಬೇಡ ಅಂದರೂ ಕೇಳುತ್ತಿರಲಿಲ್ಲ.

ಮೂರನೆಯ ದಿನ ಬರ್ಮಗೂಯಿ ಅನ್ನುವ ಪುಟ್ಟ ಊರು ಸಮೀಪಿಸುವಾಗ ಕ್ಯಾರವಾನಿನ ಒಂದು ಚಕ್ರ ಕರಕರ ಅನ್ನತೊಡಗಿತು. ಹೇಗೋ ತೆವಳಿಸಿಕೊಂಡು ಸಮುದ್ರದ ಮೇಲಿನ ದಿಣ್ಣೆಯಲ್ಲಿದ್ದ ಕ್ಯಾರವಾನ್ ಪಾರ್ಕು ಸೇರಿದೆವು. ಬೇರಿಂಗ್ ಹೋಗಿದೆ, ಲಾಂಗ್ ವೀಕೆಂಡ್ ಬಂತು, ಪಾರ್ಟು ಮಂಗಳವಾರಕ್ಕೆ ಮುಂಚೆ ಬರುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದ. ಪ್ರಕಾಶ ಸಿಡುಕುತ್ತಿದ್ದ, ಮುಂದಿನ ವಾರವೇ ಅವನು ಕೆಲಸಕ್ಕೆ ಸೇರಬೇಕಿತ್ತು. ಅತ್ತೆ ಮಾತ್ರ, ಇಷ್ಟು ದೊಡ್ಡ ಸಮುದ್ರದ ಎದುರು ಮೂರು ದಿನ ಕೂರುವ ಭಾಗ್ಯ ಯಾರಿಗುಂಟು ಎಂದು ಖುಷಿಯಾಗಿದ್ದರು. ಒಂದು ಸಲ ಸಮುದ್ರಸ್ನಾನ ಮಾಡಬೇಕು, ಮೊಮ್ಮಗಳಿಗೂ ಮೂರು ಮುಳುಗು ಹಾಕಿಸಬೇಕು ಎಂದು ಅವರಿಗೆ ಆಸೆ. ಇದು ಗೋಕರ್ಣವಲ್ಲಮ್ಮಾ, ಇಲ್ಲಿಯ ನೀರು ಕಾಲು ಕೀಳುತ್ತದೆ, ಮಗುವನ್ನು ಮಾತ್ರ ಇಳಿಸಬೇಡ ಎಂದು ಪ್ರಕಾಶ ಎರಡು ಸಲ ಹೇಳಿದ. ಆಯಿತಪ್ಪಾ ಅಂದರು.

ಮರುದಿನ ಅವನು ಬೇರೆ ಕಡೆ ಪಾರ್ಟು ಸಿಗುತ್ತದೇನೋ ನೋಡಿ ಬರುತ್ತೇನೆಂದು ಕಾರು ತೆಗೆದುಕೊಂಡು ಹೋದ. ನಾವು ಮೂವರು ದೊಡ್ಡ ಬೀಚು ಬಿಟ್ಟು ಅದರಾಚೆ ಹಿನ್ನೀರಿನ ಕೊಳವೊಂದು ಸಮುದ್ರ ಸೇರುವ ಕಡೆ ಹೋದೆವು. ಅಲೆಯಿಲ್ಲ, ಮೊಣಕಾಲುದ್ದದ ತಿಳಿನೀರು, ತಳದ ಮರಳು ಕಾಣುತ್ತಿತ್ತು. ಆ ಜಾಗ ಆರಿಸಿದ್ದು ನಾನೇ. ದಡದ ತುಂಬ ಕೊಳೆತ ಪಾಚಿ. ಬಿಸಿಲು ಏರಿದಂತೆ ಅತ್ತೆಗೆ ತಲೆನೋವು ಶುರುವಾಯಿತು.

'ನೀವು ಹೋಗಿ ನೆರಳಲ್ಲಿ ಕೂತ್ಕೊಳ್ಳಿ ಅತ್ತೆ, ನಾನು ನೋಡ್ಕೋತೀನಿ' ಅಂದೆ.

ಅವರು ಸ್ವಲ್ಪ ದೂರದ ಮರದ ಬುಡಕ್ಕೆ ಹೋಗಿ ಸೆರಗು ತಲೆಗೆ ಹಾಕಿಕೊಂಡು ಕಣ್ಣುಮುಚ್ಚಿ ಕೂತರು. ಮೇಘಾ ನೀರಿನ ಅಂಚಿನಲ್ಲಿ ಬಕೆಟ್ಟಿಗೆ ಮರಳು ತುಂಬುತ್ತಿದ್ದಳು. ಆಗ ನನ್ನ ಫೋನು ಬಂತು. ಹೆಲೆನ್.

ಮಾತು ಕಡಿದು ಕಡಿದು ಕೇಳುತ್ತಿತ್ತು. ಸಿಗ್ನಲ್ ಸಿಗಲೆಂದು ಹಿಂದಿನ ದಿಣ್ಣೆ ಹತ್ತಿದೆ. ಮೊದಲು ನಾಲ್ಕು ಹೆಜ್ಜೆ, ಅಲ್ಲಿಂದ ಮೇಘಾ ಕಾಣುತ್ತಿದ್ದಳು. ಇನ್ನೂ ನಾಲ್ಕು ಹೆಜ್ಜೆ, ಆಗಲೂ ಅವಳ ಹಳದಿ ಫ್ರಾಕು ಕಂಡಿತು. ಹೆಲೆನ್ ಹೇಳುತ್ತಿದ್ದುದು ನಾನು ಕೇಳಲು ಹಾತೊರೆಯುತ್ತಿದ್ದ ಮಾತು. ನಿನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ, ಎರಡು ವಾರ ಸಿಡ್ನಿ, ಎರಡು ವಾರ ಮೆಲ್ಬರ್ನ್ ಮಾಡಬಹುದು, ಬುಧವಾರದೊಳಗೆ ಹೇಳು ಅಂದಳು. ನಾನು ಪೊದೆಗಳ ನಡುವೆ ಅತ್ತಿಂದಿತ್ತ ನಡೆಯುತ್ತ, ಇದನ್ನು ಪ್ರಕಾಶನಿಗೆ ಹೇಗೆ ಹೇಳುವುದು, ಮಗುವನ್ನು ಅತ್ತೆ ನೋಡಿಕೊಂಡರೆ ಎಷ್ಟು ತಿಂಗಳು ದಾಟಿಸಬಹುದು ಎಂದೆಲ್ಲ ಲೆಕ್ಕ ಹಾಕುತ್ತಿದ್ದೆ. ಎಷ್ಟು ಹೊತ್ತು ಮಾತಾಡಿದೆನೋ. ಎರಡು ನಿಮಿಷವಂತೂ ಅಲ್ಲ.

ಕೆಳಗಿನಿಂದ ಒಂದು ಕೂಗು ಬಂತು. ಅದು ಅತ್ತೆಯ ದನಿ ಎಂದು ನನಗೆ ಗೊತ್ತಾಗಲಿಲ್ಲ. ಅವರು ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಓಡಿಬಂದು ನೋಡುತ್ತೇನೆ, ಸಮುದ್ರದ ಭರತ ಇಳಿಯುತ್ತಿತ್ತು. ಮೊಣಕಾಲುದ್ದ ಇದ್ದ ಆ ತಿಳಿನೀರು ಈಗ ಕಾಲುವೆಯಂತೆ ಸಮುದ್ರದ ಕಡೆಗೆ ಸೆಳೆದುಕೊಂಡು ಹರಿಯುತ್ತಿದೆ. ಅದು ಎಳೆದೊಯ್ದ ಆಳದಲ್ಲಿ ಅತ್ತೆ ಕುತ್ತಿಗೆವರೆಗೆ ಮುಳುಗಿದ್ದಾರೆ. ಸೀರೆ ಬಿಚ್ಚಿಕೊಂಡು ನೀರ ಮೇಲೆ ಅಗಲವಾಗಿ ಹರಡಿದೆ. ಅವರ ಒಂದು ಕೈಯಲ್ಲಿ ಹಳದಿ ಫ್ರಾಕು. ಇನ್ನೊಂದು ಕೈಯಿಂದ ನೀರನ್ನು ಹೊಡೆಯುತ್ತಿದ್ದಾರೆ. ಅವರಿಗೆ ಈಜು ಬರುತ್ತಿರಲಿಲ್ಲ. ಆಚೆ ದಡದಲ್ಲಿ ಮೀನು ಹಿಡಿಯುತ್ತಿದ್ದ ಬಿಳಿಕೂದಲಿನ ಹೆಂಗಸೊಬ್ಬರು ಗಾಳ ಬಿಸಾಡಿ ಈಜಿಕೊಂಡು ಬಂದು ಇಬ್ಬರನ್ನೂ ಎಳೆದು ದಡಕ್ಕೆ ಹಾಕಿದರು. ನಾನು ಫೋನು ಹಿಡಿದು ನಿಂತಿದ್ದೆ. ನನ್ನ ಚಪ್ಪಲಿ ಕೂಡ ಒದ್ದೆಯಾಗಿರಲಿಲ್ಲ.

ಅತ್ತೆ ದಡ ಮುಟ್ಟಿದವರು ಒಂದು ಕ್ಷಣವೂ ಸುಮ್ಮನೆ ಕೂರಲಿಲ್ಲ. ಮೇಘಾಳನ್ನು ಪಕ್ಕಕ್ಕೆ ತಿರುಗಿಸಿ, ಬಾಯಿಗೆ ಬೆರಳು ಹಾಕಿ ಮರಳು ತೆಗೆದು, ತುಟಿಗೆ ತುಟಿ ಹಚ್ಚಿ ಉಸಿರು ಊದಿದರು. ಮತ್ತೆ ತಿರುಗಿಸಿದರು. ಮಗು ನೀರು ಕಾರಿತು, ಕೆಮ್ಮಿತು, ಅತ್ತಿತು. ಆ ಅಳು ಕೇಳಿದ ಮೇಲೆಯೇ ಅವರು ಹಿಂದಕ್ಕೆ ಕುಸಿದು ಕೂತದ್ದು.

ಆ ಹೆಂಗಸಿನ ಹೆಸರು ಜೂನ್. ಅದೇ ಊರಿನವರು. ನನ್ನ ಭುಜ ಹಿಡಿದು, ಮಗುವಿನ ಹಿಂದೆ ಮೊದಲು ನೀರಿಗೆ ಹಾರಿದ್ದು ನಿಮ್ಮ ಅಮ್ಮ, ಅವರು ಅಷ್ಟು ಹೊತ್ತು ಹಿಡಿದುಕೊಳ್ಳದಿದ್ದರೆ ನಾನು ಬಂದು ಏನೂ ಪ್ರಯೋಜನವಿರಲಿಲ್ಲ ಅಂದರು. ಕಾರಿನಲ್ಲಿ ಟವೆಲ್ಲಿದೆ, ತರುತ್ತೇನೆಂದು ರಸ್ತೆಯ ಕಡೆ ಹೋದರು. ಅತ್ತೆ ನಡುಗುತ್ತ, ಅವರೇನಂದರು ಎಂದು ಕೇಳಿದರು. ಹುಷಾರಾಗಿರಿ ಅಂದರು ಎಂದೆ. ಯಾಕೆ ಹಾಗೆ ಹೇಳಿದೆನೋ ನನಗೆ ಇವತ್ತಿಗೂ ತಿಳಿಯದು. ಬಹುಶಃ ಅಷ್ಟರಲ್ಲೇ ನನ್ನ ಮನಸ್ಸು ತನ್ನನ್ನು ತಾನು ಕಾಪಾಡಿಕೊಳ್ಳಲು ಹೊರಟಿತ್ತು.

ಜೂನ್ ಅತ್ತ ಹೋಗುತ್ತಲೇ ಪ್ರಕಾಶ ಇತ್ತಲಿಂದ ಬಂದ. ಊಟಕ್ಕೆ ಕರೆದೊಯ್ಯಲು ಹುಡುಕಿಕೊಂಡು ಬಂದಿದ್ದ. ಅವನ ಕಣ್ಣಿಗೆ ಬಿದ್ದದ್ದು ನೀಲಿ ತುಟಿಯ ಮಗು, ಸೀರೆ ಜಾರಿ ತೊಪ್ಪೆಯಾಗಿ ಕೂತ ಅಮ್ಮ, ಒಣ ಬಟ್ಟೆಯಲ್ಲಿ ನಿಂತ ಹೆಂಡತಿ.

'ಬೇಡ ಅಂತ ಎರಡು ಸಲ ಹೇಳಿದ್ದೆ ಅಲ್ವೇನಮ್ಮಾ? ನಿನ್ನ ಸ್ನಾನದ ಹುಚ್ಚಿಗೆ ನನ್ನ ಮಗು ಬಲಿಯಾಗಬೇಕಿತ್ತಾ?'

ಅತ್ತೆ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಕನ್ನಡಕ ನೀರಿನಲ್ಲಿ ಹೋಗಿತ್ತು. ಕಣ್ಣು ಕಿರಿದು ಮಾಡಿ, ನಾನು ಹೇಳಲಿ ಎಂದು ಕಾಯುತ್ತ ನೋಡಿದರು. ನಾನು ಹೇಳಿದರೆ ಫೋನಿನ ಮಾತು ಬರುತ್ತದೆ. ಫೋನಿನ ಮಾತು ಬಂದರೆ ಹೆಲೆನ್, ರಿಸೈನ್ ಮಾಡದ್ದು, ಇಷ್ಟು ದಿನದ ಸುಳ್ಳು ಎಲ್ಲ ಬರುತ್ತದೆ.

'ಈಗ ಅದೆಲ್ಲ ಯಾಕೆ, ಮೊದಲು ಆಸ್ಪತ್ರೆಗೆ ಹೋಗೋಣ ನಡಿ' ಅಂದೆ.

ಅತ್ತೆ ತಲೆ ತಗ್ಗಿಸಿ ಸೀರೆ ಸರಿಮಾಡಿಕೊಳ್ಳತೊಡಗಿದರು. ಜೂನ್ ಟವೆಲ್ಲು ತರುವಷ್ಟರಲ್ಲಿ ನಾವು ಹೊರಟುಬಿಟ್ಟಿದ್ದೆವು. ಮುಂದಿನ ಊರಿನ ಆಸ್ಪತ್ರೆಯಲ್ಲಿ ಮೇಘಾಳ ಎದೆ ಪರೀಕ್ಷಿಸಿ, ನಾಲ್ಕೈದು ಗಂಟೆ ಇಟ್ಟುಕೊಂಡು, ತೊಂದರೆಯಿಲ್ಲ ಎಂದು ಕಳಿಸಿದರು. ಆಗ ಮಗುವಿನ ಜೊತೆ ಯಾರಿದ್ದರು ಎಂದು ನರ್ಸು ಕೇಳಿದಳು. ಪ್ರಕಾಶ ಪಕ್ಕದಲ್ಲೇ ಇದ್ದ. ಅಜ್ಜಿ ಅಂದೆ. ಅಲ್ಲಿಯವರೆಗೆ ನಾನು ಬರೀ ಸುಮ್ಮನಿದ್ದವಳು, ಈಗ ಬಾಯಿಬಿಟ್ಟು ಸುಳ್ಳು ಹೇಳಿದ್ದೆ.

ಮರುದಿನ ಬೆಳಗ್ಗೆ ಜೂನ್ ನಮ್ಮನ್ನು ಹುಡುಕಿಕೊಂಡು ಕ್ಯಾರವಾನ್ ಪಾರ್ಕಿಗೆ ಬಂದರು. ಮನೆಯ ಗಿಡದ್ದೆಂದು ಒಂದು ಚೀಲ ಪ್ಲಮ್ ಹಣ್ಣು ತಂದಿದ್ದರು. ಸದ್ಯ, ಪ್ರಕಾಶ ಮೆಕ್ಯಾನಿಕ್ ಹತ್ತಿರ ಹೋಗಿದ್ದ. ಮಗುವಿನ ಕೆನ್ನೆ ತಟ್ಟಿ, ಅಜ್ಜಿ ಎಲ್ಲಿ, ಅವರ ಕೈ ಕುಲುಕಬೇಕು ನಾನು ಅಂದರು. ಅಜ್ಜಿ ಒಳಗೇ ಇದ್ದರು. ಒಳಗೆ ಕರೆದರೆ ಕೂರುತ್ತಾರೆ, ಅಷ್ಟರಲ್ಲಿ ಪ್ರಕಾಶ ಬರುತ್ತಾನೆ. ಮಲಗಿದ್ದಾರೆ ಎಂದೆ. ಎಬ್ಬಿಸಬೇಡಿ ಪಾಪ, ಎಂಥ ಧೈರ್ಯದ ಹೆಂಗಸು ಎಂದು ಹೇಳಿ ಅವರು ಹೋದರು. ನಾನು ಒಳಗೆ ಹೋದಾಗ ಅತ್ತೆ ಕಿಟಕಿಯ ಪಕ್ಕ ಕೂತು ಮೇಘಾಳ ಫ್ರಾಕಿನ ಹರಿದ ತೋಳು ಹೊಲಿಯುತ್ತಿದ್ದರು. ಕನ್ನಡಕವಿಲ್ಲದೆ ಬಟ್ಟೆಯನ್ನು ಮೂಗಿಗೆ ತಾಗಿಸಿಕೊಂಡು ಹೊಲಿಯುತ್ತಿದ್ದರು.

ಮಂಗಳವಾರ ಪಾರ್ಟು ಬಂತು, ನಾವು ಹೊರಟೆವು. ಹೆಲೆನ್‌ಗೆ ದಾರಿಯಲ್ಲೇ ಆಗುವುದಿಲ್ಲ ಎಂದು ಮೆಸೇಜ್ ಕಳಿಸಿದೆ. ಅದರಿಂದ ಪಾಪ ಸ್ವಲ್ಪ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ.

ಪಾಯಿಂಟ್ ಕುಕ್‌ನ ಮನೆಗೆ ಆಗಿನ್ನೂ ಕಾಂಪೌಂಡಿಗೆ ಬೇಲಿಯಿರಲಿಲ್ಲ, ಬೀದಿಯಲ್ಲಿ ಮರವಿರಲಿಲ್ಲ. ಹತ್ತಿರದಲ್ಲೇ ಕೊಳವಿದ್ದ ಪಾರ್ಕೊಂದಿತ್ತು. ಅಮ್ಮ, ನೀನೊಬ್ಬಳೇ ಅವಳನ್ನು ಆ ಕಡೆ ಕರೆದುಕೊಂಡು ಹೋಗಬೇಡ ಎಂದು ಪ್ರಕಾಶ ಮೊದಲ ದಿನವೇ ಹೇಳಿದ. ಮಗುವಿಗೆ ಸ್ನಾನ ಮಾಡಿಸುವುದು ನನ್ನ ಪಾಲಿಗೆ ಬಂತು. ಒಂದು ವಾರ ಕಳೆದು, ಮೇಘಾಳನ್ನು ಚೈಲ್ಡ್‌ಕೇರ್‌ಗೆ ಸೇರಿಸೋಣ, ಅಮ್ಮನಿಗೆ ವಯಸ್ಸಾಯಿತು ಅಂದ. ಅವನು ಕೆಟ್ಟ ಮಗನಲ್ಲ, ಗಟ್ಟಿಯಾಗಿ ಏನೂ ಅನ್ನುತ್ತಿರಲಿಲ್ಲ. ಮೆತ್ತಗೆ, ಹುಷಾರಾಗಿ, ಪ್ರತಿ ಸಲವೂ ಮಗುವನ್ನು ಅಮ್ಮನ ಕೈಯಿಂದ ತೆಗೆದುಕೊಳ್ಳುತ್ತಿದ್ದ. ಅತ್ತೆ ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಪರದೆ ಎಳೆದುಕೊಂಡು ಒಳಗೆ ಕೂತಿರುತ್ತಿದ್ದರು. ನನಗೆ ಅಲ್ಲೇ ಒಂದು ಕೆಲಸ ಸಿಕ್ಕಿತು, ಫ್ರೀವೇ ಹಿಡಿದು ಸಿಟಿಗೆ ಹೋಗಿಬರುತ್ತಿದ್ದೆ. ಸಂಜೆ ಬಂದರೆ ಮನೆ ಥಳಥಳ ಎನ್ನುತ್ತಿತ್ತು. ಬೇರೆ ಕೆಲಸವಿಲ್ಲದೆ ಅವರು ಉಜ್ಜಿದ್ದನ್ನೇ ಉಜ್ಜುತ್ತಿದ್ದರು.

ಒಂದು ಶನಿವಾರ ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ, ಅತ್ತೆ, ಆವತ್ತಿನ ವಿಷಯ ಎಂದು ಶುರುಮಾಡಿದೆ. ಅವರು ಹುರುಳಿಕಾಯಿ ಸೋಸುತ್ತಿದ್ದರು. ತಲೆ ಎತ್ತಲಿಲ್ಲ.

'ಆಯಮ್ಮ ಹಣ್ಣು ತಂದಾಗ ನಾನು ಮಲಗಿರಲಿಲ್ಲ ಸುಮಾ. ಅಷ್ಟು ವರ್ಷ ಆಸ್ಪತ್ರೇಲಿದ್ದೆ, ಸ್ಲೀಪಿಂಗ್ ಅನ್ನೋ ಮಾತು ನಂಗೆ ಗೊತ್ತಾಗಲ್ವಾ?'

ಮತ್ತೆ ನೀವೇ ನಿಮ್ಮ ಮಗನಿಗೆ ಹೇಳಬಹುದಿತ್ತಲ್ಲ ಅಂದೆ. ಈಗ ಬರೆಯುವಾಗ ಆ ಪ್ರಶ್ನೆಗೆ ನಾಚಿಕೆಯಾಗುತ್ತದೆ.

'ನೀನು ಹೇಳ್ತೀಯ ಅಂತ ಕಾದೆ. ಆವತ್ತೇ ನೀನು ಹೇಳಿದ್ರೆ ಅದು ನಿಜ. ಆಮೇಲೆ ನಾನು ಹೇಳಿದ್ರೆ ಚಾಡಿ.'

ಅಷ್ಟೇ ಹೇಳಿ ಎದ್ದು ಕುಕ್ಕರ್ ಇಟ್ಟರು. ಅಷ್ಟಾದರೂ ನಾನು ಹೇಳಲಿಲ್ಲ. ಇವತ್ತು ರಾತ್ರಿ, ಈ ಭಾನುವಾರ, ಸಂಬಳದ ಮೇಲೆ ಎಂದು ದಿನ ದೂಡಿದೆ. ಆರು ತಿಂಗಳಿಗೆಂದು ಬಂದ ಅತ್ತೆ ಮಾರ್ಚಿಗೇ ಹೊರಟರು. ಚಳಿ ತಡೆಯುವುದಿಲ್ಲ ಎಂದರು. ಮೆಲ್ಬರ್ನ್‌ಗೆ ಇನ್ನೂ ಚಳಿ ಬಂದಿರಲಿಲ್ಲ.

ಮುಂದೆ ಎರಡು ವರ್ಷ ಅದು ಮನೆಯ ಒಂದು ಕಥೆಯೇ ಆಗಿಹೋಯಿತು. ಮೇಘಾಳ ಆರನೇ ಹುಟ್ಟುಹಬ್ಬಕ್ಕೆ ಬಂದಿದ್ದ ಅಂಕಲ್ ಆಂಟಿಯರ ಮುಂದೆ ಅವಳು, ಅಜ್ಜಿ ನನ್ನನ್ನು ಆಳದ ನೀರಿಗೆ ಕರೆದುಕೊಂಡು ಹೋದರು, ಐ ನಿಯರ್ಲಿ ಡೈಡ್ ಎಂದು ಅಭಿನಯ ಮಾಡಿ ತೋರಿಸಿದಳು. ಎಲ್ಲರೂ ನಕ್ಕರು. ಊರಿಂದ ಬಂದ ಹಿರಿಯರಿಗೆ ಇಲ್ಲಿಯ ಸಮುದ್ರ ಗೊತ್ತಾಗುವುದಿಲ್ಲ ಎಂದು ಯಾರೋ ಅಂದರು. ಪ್ರಕಾಶನೂ ನಕ್ಕ. ನಾನು ಕೇಕ್ ಹಂಚುತ್ತಿದ್ದೆ. ಆಗ ನಾನು ನಾಲ್ಕು ತಿಂಗಳ ಬಸುರಿ. ಬಾಣಂತನಕ್ಕೆ ನಿನ್ನ ಅಮ್ಮನನ್ನೇ ಕರೆಸೋಣ, ನಮ್ಮಮ್ಮನಿಂದ ಆಗುವುದಿಲ್ಲ ಎಂದು ಹಿಂದಿನ ದಿನವಷ್ಟೇ ಪ್ರಕಾಶ ಹೇಳಿದ್ದ. ಅರ್ಧ ತಾಲ್ಲೂಕಿನ ಬಾಣಂತಿಯರನ್ನು ನೋಡಿದವರನ್ನು ನಮ್ಮ ಮಗುವಿಗೆ ಆಗುವುದಿಲ್ಲ ಎಂದು ತೀರ್ಮಾನಿಸಿಯಾಗಿತ್ತು. ಅದನ್ನು ಕೇಳಿಯೂ ನಾನು ಸರಿ ಅಂದಿದ್ದೆ.

ಬಂದವರೆಲ್ಲ ಹೋದ ಮೇಲೆ, ಬಲೂನುಗಳ ನಡುವೆ ಸೋಫಾದ ಮೇಲೆ ಕೂತು ಪ್ರಕಾಶನಿಗೆ ಎಲ್ಲ ಹೇಳಿದೆ. ನೆರಳಲ್ಲಿ ಕೂರಿ ಎಂದದ್ದು, ಫೋನು, ದಿಣ್ಣೆ, ಜೂನ್, ಪ್ಲಮ್ ಹಣ್ಣು. ಅವನು ಬಯ್ಯುತ್ತಾನೆಂದುಕೊಂಡಿದ್ದೆ. ಬಯ್ಯಲಿಲ್ಲ. 'ನಾನು ಅಮ್ಮನಿಗೆ ಹಾಗಂದಾಗ ನೀನು ಅಲ್ಲೇ ನಿಂತಿದ್ದೆ' ಅಂದ. ಎದ್ದು ಹೋಗಿ ಡ್ರೈವ್‌ವೇಯಲ್ಲಿ ನಿಂತಿದ್ದ ಕಾರಿನೊಳಗೆ ಕೂತು ಕಡೂರಿಗೆ ಫೋನು ಮಾಡಿದ. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು, ಸ್ಟಿಯರಿಂಗ್ ಮೇಲೆ ಹಣೆ ಇಟ್ಟುಕೊಂಡು ಮಾತಾಡುತ್ತಿದ್ದ. ಏನು ಮಾತಾಡಿದನೋ ನಾನು ಕೇಳಲಿಲ್ಲ. ಒಳಗೆ ಬಂದವನು, ಅಮ್ಮನಿಗೆ ಬರಲು ಹೇಳಿದೆ, ಮಂಡಿ ನೋವು, ಅಷ್ಟು ದೂರ ಕೂತು ಬರಲಾಗುವುದಿಲ್ಲ ಅಂದರು ಎಂದಷ್ಟೇ ಹೇಳಿದ. ಆಮೇಲೆ ಎಷ್ಟೋ ದಿನ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು. ಮೇಘಾಳಿಗೂ ನಿಜ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, ಓಕೆ ಅಂದು ಆಡಲು ಹೋದಳು.

ಮಗ ಹುಟ್ಟಿ ನಾಲ್ಕು ತಿಂಗಳಾದ ಮೇಲೆ ಊರಿಗೆ ಹೋದೆವು. ನಾದಿನಿಯ ಮನೆಯ ಬಾಗಿಲಲ್ಲಿ ಅತ್ತೆ ಆರತಿ ಹಿಡಿದು ನಿಂತಿದ್ದರು. ಪ್ರಕಾಶ ಬಗ್ಗಿ ಕಾಲು ಮುಟ್ಟಿದ, ಅವನ ತಲೆ ಮೇಲೆ ಕೈಯಿಟ್ಟರು. ನಾನು ಕಾಲು ಮುಟ್ಟಿದಾಗಲೂ ಕೈಯಿಟ್ಟರು. ಯಾರೂ ಏನೂ ಎತ್ತಲಿಲ್ಲ. ಎಲ್ಲ ಮುಗಿಯಿತು, ದೇವರು ದೊಡ್ಡವನು ಎಂದುಕೊಂಡೆ.

ಮರುದಿನ ಬೆಳಗ್ಗೆ ಅತ್ತೆ ಬಚ್ಚಲಲ್ಲಿ ಹಂಡೆ ನೀರು ಕಾಯಿಸಿ, ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕೊಡು ಅಂದರು. ಕೊಟ್ಟೆ. ಕಾಲಿನ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ಹಚ್ಚತೊಡಗಿದರು. ಆ ಕೈಗಳಿಗೆ ಏನೂ ಮರೆತಿರಲಿಲ್ಲ. ಮಗು ಗೊಣಗಲೂ ಇಲ್ಲ. ನಾನು ಟವೆಲ್ಲು ತರಲೆಂದು ಬಾಗಿಲ ಕಡೆ ತಿರುಗಿದೆ.

'ಎಲ್ಲಿಗೆ?' ಅಂದರು. ಎಣ್ಣೆಯ ಕೈ ಅಲ್ಲೇ ನಿಂತಿತ್ತು. 'ನೀನು ಇಲ್ಲೇ ಕೂತ್ಕೋ ಸುಮಾ. ನೀರು ಹಾಕಿ ಮುಗಿಯೋವರೆಗೂ ಏಳಬೇಡ. ನಾಳೆ ಏನಾದ್ರೂ ಕೇಳಿದ್ರೆ, ನೀನೂ ಇದ್ದೆ ಅಂತ ಹೇಳಬೇಕು.'

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕುಟುಕುವ ಉದ್ದೇಶವೂ ಇರಲಿಲ್ಲ. ನಿಜವಾಗಿಯೂ ಹೆದರಿದ್ದರು.

ನಾನು ಬಚ್ಚಲ ಹೊಸಿಲ ಮೇಲೆ ಕೂತೆ. ಅವರು ಒಂದು ಸಲ ತಿರುಗಿ, ನಾನು ಕೂತಿದ್ದೇನೆಂದು ಖಾತ್ರಿ ಮಾಡಿಕೊಂಡು, ಮೊದಲ ಚೊಂಬು ನೀರು ಎತ್ತಿದರು.